ಪಾಬ್ಲಪ್ಪ ಉಣ್ಣಾಕತ್ತಾನ

ಗಂಜಿಯ ಬಟ್ಟಲು ಹಿಡಿದು ಗುರವ್ವ ಮೇಲಿನ ಖೋಲಿಗೆ ಬರುವುದಕ್ಕೂ ಪಾಬ್ಲೊನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ತೆರೆಯ ಮೇಲೆ ಅವನ ತಾಯಿ ಪಿಲಾರಳ ಫೋಟೊ. ಜ್ವರದಲ್ಲಿ ಮಲಗಿದ್ದ ಪಾಬ್ಲೊ ಕೌದಿಯಿಂದ ಕೈ ಹೊರಗೆ ತೆಗೆದು ಬೇಡವೆಂದು ಅಲ್ಲಾಡಿಸಿದ.

"ನೀವ ಮಾತಾಡ್ರಿ, ಅವ್ವಾರ. ನನ್ನ ದನಿ ಕೇಳಿದ್ರ ಆಕಿಗೆ ಗೊತ್ತಾಕೈತಿ."

ಸ್ಪೇನಿನಿಂದ ಬಂದು, ಸವದತ್ತಿಯ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ಈ ಹುಡುಗ ಏಳು ತಿಂಗಳಿಂದ ಗುರವ್ವನ ಬಾಡಿಗೆದಾರ. ಅವಳ ಬಾಯಲ್ಲಿ ಪಾಬ್ಲಪ್ಪ. ಕನ್ನಡವನ್ನು ಅವಳಿಂದಲೇ ಕಲಿತವನಾದ್ದರಿಂದ ಮಾತೆಲ್ಲ ಅಪ್ಪಟ ಸವದತ್ತಿಯದು. ಬದಲಿಗೆ ಅವನು ಅವಳಿಗೆ ಮೂರು ಸ್ಪ್ಯಾನಿಷ್ ವಾಕ್ಯ ಕಲಿಸಿದ್ದ. ತಾನು ಫೋನು ಬಿಟ್ಟು ಗುಡ್ಡಕ್ಕೆ ಹೋದಾಗ ತಾಯಿ ಗಾಬರಿಯಾಗಬಾರದೆಂದು. ಗುರವ್ವ ಅವನ್ನು ಅವನ ಖೋಲಿಯ ಗೋಡೆಯ ಕ್ಯಾಲೆಂಡರಿನ ಮೇಲೆ ಕನ್ನಡದಲ್ಲಿ ಬರೆದುಕೊಂಡಿದ್ದಳು. ಎಸ್ತಾ ತ್ರಬಹಾಂದೊ: ಕೆಲಸ ಮಾಡಾಕತ್ತಾನ. ಎಸ್ತಾ ದುರ್ಮಿಯೆಂದೊ: ನಿದ್ದಿ ಮಾಡಾಕತ್ತಾನ. ಎಸ್ತಾ ಕೊಮಿಯೆಂದೊ: ಉಣ್ಣಾಕತ್ತಾನ.

"ಈಗಿಂದೀಗ ನಡದಿದ್ದಕ್ಕಷ್ಟ ಹಿಂಗ ಅನ್ನಬೇಕ್ರಿ," ಎಂದು ಅವತ್ತು ಪಾಬ್ಲೊ ಮಾಸ್ತರರಂತೆ ಬೆರಳೆತ್ತಿದ್ದ. "ನಿನ್ನಿ ಉಂಡದ್ದಕ್ಕ ನಡಿಯಂಗಿಲ್ಲ, ನಾಳಿ ಉಣ್ಣೂದಕ್ಕೂ ನಡಿಯಂಗಿಲ್ಲ."

"ಸುಳ್ಳ ಹೇಳಾಕ ಜಾಗಾನ ಇಟ್ಟಿಲ್ಲಲ್ಲೋ ನೀವು!" ಎಂದು ಗುರವ್ವ ನಕ್ಕಿದ್ದಳು.

ಈಗ ನಗುವ ಹೊತ್ತಲ್ಲ. ಡಾಕ್ಟರು ಕೊಟ್ಟ ಗುಳಿಗೆಯನ್ನು ಖಾಲಿ ಹೊಟ್ಟೆಗೆ ನುಂಗುವಂತಿಲ್ಲ, ಇವನೋ ನಿನ್ನೆಯಿಂದ ತುತ್ತು ಮುಟ್ಟಿಲ್ಲ. ಏನು ಕೊಟ್ಟರೂ "ಒಲ್ಲೆರಿ". ಮನೆಯಲ್ಲಿ ಒಂದು ಜೀವ ಉಪವಾಸ ಬಿದ್ದಿರುವಾಗ ಗುರವ್ವನ ಗಂಟಲಲ್ಲಾದರೂ ರೊಟ್ಟಿ ಹೇಗೆ ಇಳಿದೀತು? ಬಡಿದಿಟ್ಟದ್ದು ಬುಟ್ಟಿಯಲ್ಲೇ ಇತ್ತು. ಜ್ವರದ ಸುದ್ದಿ ತಿಳಿದರೆ ಪಿಲಾರ್ ಮಗನನ್ನು ಊರಿಗೆ ಕರೆಸಿಕೊಂಡು ಬಿಡುತ್ತಾಳೆ. ಅದು ಪಾಬ್ಲೊನಿಗೆ ಬೇಡ. ನಿಜ ಹೇಳಬೇಕೆಂದರೆ ಗುರವ್ವನಿಗೂ ಬೇಡ.

ಫೋನೆತ್ತಿದಳು. ಆ ಕಡೆಯ ಮಾತು ಬಾಣಲೆಯಲ್ಲಿ ಅಳ್ಳು ಸಿಡಿದಂತೆ ಸಿಡಿಯಿತು. ಪಾಬ್ಲೊ ಎಂಬ ಹೆಸರೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ, ಆದರೆ ಆಕೆಯ ಕಳವಳ ಪೂರ್ತಿ ತಿಳಿಯಿತು. ಗುರವ್ವ ಕ್ಯಾಲೆಂಡರು ನೋಡಿದಳು. ಕೆಲಸ ಮಾಡಾಕತ್ತಾನ ಅನ್ನೋಣವೆಂದರೆ ಕೌದಿಯೊಳಗಿದ್ದಾನೆ. ನಿದ್ದಿ ಅನ್ನೋಣವೆಂದರೆ ಕಣ್ಣು ಬಿಟ್ಟುಕೊಂಡು ತನ್ನನ್ನೇ ನೋಡುತ್ತಿದ್ದಾನೆ.

"ಎಸ್ತಾ ಕೊಮಿಯೆಂದೊ," ಎಂದುಬಿಟ್ಟಳು.

ಅಂದದ್ದೇ ತಡ, ನಾಲಿಗೆ ಕಚ್ಚಿಕೊಂಡಳು. ಅನ್ನದ ಮೇಲೆ ಸುಳ್ಳು! ಅದೂ ಹೆತ್ತವಳ ಮುಂದೆ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಚಮಚ ತುಂಬಿ ಅವನ ತುಟಿಗೆ ಹಿಡಿದಳು.

"ಬಾಯಿ ತೆಗಿ."

"ಒಲ್ಲೆರಿ, ಅವ್ವಾರ."

"ಒಲ್ಲೆ ಅನ್ನೂ ಯಾಳೆ ಮುಗದೈತಿ. ಯಲ್ಲವ್ವನ ಊರಾಗ ನಿಂತು ನಿಮ್ಮವ್ವಗ ಸುಳ್ಳ ಹೇಳೇನಿ. ಅದನ್ನ ಖರೇ ಮಾಡು."

ಪಾಬ್ಲೊ ಅವಳ ಮುಖ ನೋಡಿದ. ಬಾಯಿ ತೆರೆದ. ಒಂದು ಚಮಚ, ಎರಡು, ನಾಲ್ಕು. ಪ್ರತಿ ಚಮಚಕ್ಕೂ ಗುರವ್ವ ಫೋನಿಗೆ "ಎಸ್ತಾ ಕೊಮಿಯೆಂದೊ" ಎಂದು ವರದಿ ಒಪ್ಪಿಸಿದಳು, ಈಗ ಎದೆ ಸೆಟೆಸಿ. ಅರ್ಧ ಬಟ್ಟಲು ಇಳಿದ ಮೇಲೆ ಗುಳಿಗೆಯನ್ನೂ ನುಂಗಿಸಿದಳು. ಆಗ ಪಿಲಾರ್ ಬೇರೇನೋ ಕೇಳಿದಳು, ಕ್ಯಾಲೆಂಡರಿನಲ್ಲಿ ಇಲ್ಲದ್ದು. ಗುರವ್ವ ಫೋನನ್ನು ಅವನ ಕಿವಿಗೆ ಹಿಡಿದಳು.

"ಏನಂತಾಳಪಾ ನಿಮ್ಮವ್ವ?"

"ನೀವು ಉಂಡ್ರ್ಯಾ ಅಂತ ಕೇಳಾಕತ್ತಾಳ್ರಿ."

ಎಷ್ಟು ದೂರದವಳು, ತನ್ನ ಮುಖ ಕೂಡ ಕಂಡವಳಲ್ಲ, ಕೇಳಿದ್ದು ನೋಡು! "ಉಣ್ಣಾಕತ್ತಾಳ ಅಂತ ಹೇಳಿಬಿಡು," ಎಂದು ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಾಬ್ಲೊ ಗಂಟಲು ಸರಿಮಾಡಿಕೊಂಡು ಫೋನಿಗೆ, "ಎಸ್ತಾ ಕೊಮಿಯೆಂದೊ," ಎಂದ. ಅವರ ಭಾಷೆಯಲ್ಲಿ ಗಂಡಿಗೂ ಹೆಣ್ಣಿಗೂ ಅದೊಂದೇ ಮಾತು. ಆಮೇಲೆ ಎದ್ದು ಕುಳಿತು, ಅವಳ ಕೈಯಿಂದ ಬಟ್ಟಲು ಕಸಿದುಕೊಂಡು, ಚಮಚ ತುಂಬಿ ಅವಳ ಮುಂದೆ ಹಿಡಿದ.

"ಖರೇ ಮಾಡ್ರಿ, ಅವ್ವಾರ."

"ಅದು ನಿನ್ನ ಎಂಜಲೋ ಹುಚ್ಚಪ್ಪಾ" ಎನ್ನಲು ಗುರವ್ವ ಬಾಯಿ ತೆರೆದಳು. ಅವನಿಗೆ ಅಷ್ಟೇ ಬೇಕಾಗಿತ್ತು.