ಒತ್ತಿ ಹಿಡಿದ ವೈರು

ಅಕ್ಕನ ಹೆಬ್ಬೆರಳು ಹಳೆಯ ಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆಯ ವೈರನ್ನು ಒತ್ತಿ ಹಿಡಿದಿತ್ತು. ಕಿವಿಯಲ್ಲಿ ಔಷಧಿ ಅಂಗಡಿಯ ಯಜಮಾನರು ರೇಗುತ್ತಿದ್ದರು. "ಇಪ್ಪತ್ತಾರು ವರ್ಷದಿಂದ ನಿಮ್ಮ ಗಿರಾಕಿ ನಾನು. ಈಗ ನನ್ನ ಫೋನನ್ನ ಅದೇನೋ ಕ್ಲೌಡು, ಮೋಡದಲ್ಲಿಡ್ತೀವಿ ಅಂತೀರಲ್ಲಮ್ಮಾ, ಗಾಳಿ ಬೀಸಿದ್ರೆ ಎಲ್ಲಿ ಅಂತ ಹುಡುಕ್ಲಿ? ಬೇರೆ ಕಂಪನಿ ನೋಡ್ಕೋತೀನಿ ಬಿಡಿ."

ಸೈಕಲ್ ಅಂಗಡಿಯೊಂದರ ಮಾಳಿಗೆಯಲ್ಲಿ ಅವಳ ತಮ್ಮ ಈ ಫೋನ್ ಕಂಪನಿ ಶುರು ಮಾಡಿದಾಗ ಇದ್ದದ್ದು ಅದೊಂದೇ ಪೆಟ್ಟಿಗೆ, ಮೊದಲ ಗಿರಾಕಿ ಈ ಯಜಮಾನರು. ಅಂದಿನಿಂದಲೂ ಅದರ ವೈರು ಸಡಿಲ, ಬಿಟ್ಟರೆ ಮಾತು ಕಟ್. ಯಾರದೇ ಮಾತಿರಲಿ, ಮುಗಿಯುವ ತನಕ ಅಕ್ಕ ಅದನ್ನು ಜಪಮಣಿಯಂತೆ ಹಿಡಿದಿರುತ್ತಿದ್ದಳು. ಹೊಸ ಹೆಡ್‌ಫೋನು ಕಿವಿಗೇರಿದರೂ ಆ ರೂಢಿ ಬಿಡಲಿಲ್ಲ. "ಕಟ್ ಆಗಲ್ಲ ಯಜಮಾನ್ರೇ," ಎಂದಳು. ಆ ಮಾತಿನಲ್ಲಿ ಅವಳಿಗೇ ನಂಬಿಕೆಯಿರಲಿಲ್ಲ.

ತಮ್ಮ ಬಂದು ಪಕ್ಕದಲ್ಲಿ ಕುಳಿತ. "ಅಕ್ಕ, ಬೆರಳು ತೆಗಿ."

"ಸುಮ್ನಿರೋ, ಮಾತಾಡ್ತಿದ್ದಾರೆ."

"ಬೆಳಿಗ್ಗೆಯಿಂದ ಆ ಪೆಟ್ಟಿಗೇಲಿ ಏನೂ ಇಲ್ಲ ಕಣಕ್ಕ. ಎಲ್ಲಾ ಮೇಲೆ ಮೋಡಕ್ಕೆ ಹೋಗಾಯ್ತು." ಅವನು ವೈರನ್ನು ಮೆಲ್ಲಗೆ ಕಿತ್ತು ಅವಳ ಮಡಿಲಲ್ಲಿಟ್ಟ.

ಅಕ್ಕ ಕಣ್ಣು ಮುಚ್ಚಿದಳು. ಯಜಮಾನರು ಕೆಮ್ಮಿದರು, ಮತ್ತೆ ಬೈದರು. ಎಲ್ಲಿಂದಲೋ ತೇಲಿ ಬಂದಂತೆ, ತೀರಾ ಹತ್ತಿರದಲ್ಲಿ. ಯಾರ ಬೆರಳೂ ಹಿಡಿದಿರದ ಆ ದನಿಯನ್ನು ಎಲ್ಲರನ್ನೂ ಕಾಯುವ ದೇವರೇ ಕಾಯುತ್ತಿದ್ದ.

"ಅಮ್ಮಾ, ಇದೀರಾ?"

"ಇದೀನಿ. ಯಜಮಾನ್ರೇ, ಬೆಳಿಗ್ಗೆಯಿಂದ ನಮ್ಮ ಫೋನೂ ಮೋಡದಲ್ಲೇ ಇದೆ. ನಿಮ್ಮ ಬೈಗುಳ ಅಲ್ಲಿಂದಾನೇ ಬರ್ತಿದೆ, ಒಂದಕ್ಷರ ತಪ್ಪಿಲ್ಲ."

"ಹೌದಾ?" ಎಂದರು ಯಜಮಾನರು ದನಿ ತಗ್ಗಿಸಿ. "ಚೆನ್ನಾಗೇ ಕೇಳಿಸ್ತಿದೆಯಲ್ಲಮ್ಮಾ!"