ಭಂಡಾರ ಎತ್ತಿದ ಕೈ

ಮೊನ್ನೆ ಸೊಸೈಟಿ ಚುನಾವಣೆಯ ಪಟ್ಟಿಯಲ್ಲಿ ಹೆಸರಿಗಿಂತ ಮೊದಲು ಅಡ್ಡಹೆಸರು ಹುಡುಕುತ್ತಿದ್ದಾಗ ಅಡುಗೆಮನೆಯಿಂದ ಅರಿಷಿಣದ ಘಾಟು ಬಂತು; ನನ್ನ ಬೆರಳು ಅಲ್ಲೇ ನಿಂತಿತು.

ಕೌಜಲಗಿ ಬಾಜೂ ನಮ್ಮೂರು. ಪಂಚಾಯತಿ ಚುನಾವಣೆಯ ಹಿಂದಿನ ದಿನ ಮಧ್ಯಾಹ್ನ ಅಜ್ಜ ನಮ್ಮ ಕುಲದವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ದೇವರ ಭಂಡಾರ ಎತ್ತಿಸುತ್ತಿದ್ದ. ಅಂಗೈ ತುಂಬ ಅರಿಷಿಣ ಹಿಡಿದು, ನಮ್ಮ ಕುಲದ ಹುರಿಯಾಳಿಗೇ ಓಟು ಎಂದು ಆಣೆ ಮಾಡಬೇಕು. ಆ ಹುರಿಯಾಳು ಗೋಕಾಕದಲ್ಲೇ ಬಿದ್ದಿರುವವ. ಊರಿನ ದಾರಿ ಅವನಿಗೆ ನೆನಪಾಗುತ್ತಿದ್ದುದು ಚುನಾವಣೆ ಬಂದಾಗ ಮಾತ್ರ. ಒಂದು ಸಲ ಅವನೆದುರು ನಿಂತಿದ್ದಾಕೆ ಓಣಿಯ ಸೂಲಗಿತ್ತಿ ಮೆಹಬೂಬಿ.

"ನಿಮ್ಮ ಮಕ್ಕಳೆಲ್ಲಾ ಆಕಿ ಕೈಯಾಗ ಹುಟ್ಯಾವಲ್ರಿ," ಎಂದಳು ಅಜ್ಜಿ.

"ಕೈ ಚಲೋ ಐತಿ, ಖರೆ. ಕುಲ ನಮ್ದಲ್ಲ," ಎಂದ ಅಜ್ಜ. "ಎತ್ತ ಸುಮ್ನ."

ಅಜ್ಜಿ ಎತ್ತಿದಳು. ಓಟೇ ಇಲ್ಲದ ನಾನೂ ಎತ್ತಿ, ತಪ್ಪಿದರೆ ಹೊಟ್ಟೆ ಒಡೆದೀತೆಂಬ ಹೆದರಿಕೆಗೆ ಎಲ್ಲರಿಗಿಂತ ಜೋರಾಗಿ ಆಣೆ ಮಾಡಿದೆ.

ಅಷ್ಟರಲ್ಲಿ ಒಳಗೆ ಅವ್ವನಿಗೆ ಹೆರಿಗೆ ಬೇನೆ ಶುರುವಾಯಿತು.  ನಮ್ಮ ಹುರಿಯಾಳನ್ನು ಕರೆಸೋಣವೆಂದು ಕುಲಬಾಂಧವರಲ್ಲಿ ಒಬ್ಬನೂ ಹೇಳಲಿಲ್ಲ. ಮೆಹಬೂಬಿಯನ್ನು ಕರೆಯಲು ಅಜ್ಜನೇ ಓಡಿದ.

ಬಂದವಳು ಭಂಡಾರದ ತಾಟು ನೋಡಿದಳು, ನಮ್ಮೆಲ್ಲರ ಅಂಗೈ ನೋಡಿದಳು, ಒಳಗೆ ಹೋದಳು. ಹೊತ್ತು ಇಳಿಯುವಾಗ ತಮ್ಮನನ್ನು ಹಳೆ ಸೀರೆಯಲ್ಲಿ ಸುತ್ತಿ ತಂದಳು. ಅಜ್ಜ ಎರಡೂ ಕೈ ಚಾಚಿದ.

"ಕೈ ತೊಳಕೊಂಡ ಬರ್ರಿ ಕಾಕಾ," ಎಂದಳು. "ಆಮ್ಯಾಲ ಕೂಸಿನ್ನ ಹಿಡೀರಿ."

ಅಜ್ಜ ಮೂರು ಸಲ ತೊಳೆದ. ಸಾಬೂನು ತಾಗಿ ಹಳದಿ ಕೆಂಪಾಯಿತೇ ಹೊರತು ಹೋಗಲಿಲ್ಲ. ಮರುದಿನ ಅದೇ ಕೈಯಲ್ಲಿ ನಮ್ಮ ಹುರಿಯಾಳಿಗೇ ಮುದ್ರೆ ಒತ್ತಿ ಬಂದ.