ತೂಫಾನನಿಗೆ ತಕ್ಕ ಕೆಲಸ

ಶೇಂಗಾದ ನಡುವಿನ ತೊಗರಿ ಸಾಲಿನ ನೆರಳಲ್ಲಿ ಕಾಡುಹಂದಿ ಕಲ್ಲಿನಂತೆ ನಿಂತಿತ್ತು. ಬದುವಿನ ಮೇಲೆ ದೇವಿಂದ್ರಪ್ಪನ ಹೊಸ ಮುಧೋಳ ನಾಯಿ ತೂಫಾನ್ ಆಕಳಿಸುತ್ತಿತ್ತು.

“ಹಂದಿ ಎದುರಿಗೇ ಅದ, ಇದು ಬೊಗಳವಲ್ದು ನೋಡ್ರಿ,” ಎಂದಳು ಹೆಂಡತಿ ಧೂಳಮ್ಮ. ಆ ಹಂದಿ ಅರ್ಧ ಹೊಲವನ್ನು ಆಗಲೇ ಉತ್ತು ಹಾಕಿತ್ತು. ಇವತ್ತೂ ಓಡಿಸದಿದ್ದರೆ ತೂಫಾನ್ ಬಂದ ದಾರಿಯಲ್ಲೇ ವಾಪಸ್. ಮೋರಖಂಡಿಯಿಂದ ಅವಳ ತಮ್ಮ ಬೊಗಳುವ ನಾಯಿಯೊಂದನ್ನು ತರುವುದೆಂದು ಇಬ್ಬರಲ್ಲೂ ಮಾತಾಗಿತ್ತು.

ದೇವಿಂದ್ರಪ್ಪ ಸೋಲುವವನಲ್ಲ. ದಿನವೂ ಕತ್ತಲಾಗುವವರೆಗೆ ಘಾಟಬೋರಾಳದ ಚಹಾ ಹೋಟೆಲಿನಲ್ಲಿ ಕೂತು, ಬೇಟೆ ನಾಯಿಗಳ ಬಗ್ಗೆ ಮೊಬೈಲಿನಲ್ಲಿ ಇದ್ದದ್ದನ್ನೆಲ್ಲ ನೋಡಿದ್ದ. “ಬೊಗಳೋದು ಇದರ ಕೆಲಸ ಅಲ್ಲ. ಮೂಸಿ ಹುಡುಕೋ ಜಾತಿ ಬ್ಯಾರೆ, ಬಿಲ ಕೆದರೋ ಜಾತಿ ಬ್ಯಾರೆ, ಹೊಡೆದ ಹಕ್ಕಿ ತರೋ ಜಾತಿ ಬ್ಯಾರೆ. ಇದು ಕಣ್ಣಿಲೆ ನೋಡಿ ಬೇಟೆ ಆಡೋ ಜಾತಿ. ಓಡೋದು ಕಂಡ್ರ ಸಾಕು, ಬಿಡಂಗಿಲ್ಲ.”

“ಹಂದಿ ಓಡವಲ್ದಲ್ರಿ.”

“ಓಡಸ್ತೀನಿ, ತಡಿ.”

ಅವನೆಸೆದ ಹೆಂಟೆ ಹಂದಿಯ ಮೂತಿಗೇ ಬಡಿಯಿತು. ಹಂದಿ ಗುಟುರು ಹಾಕಿ ಒಂದೇ ಹೆಜ್ಜೆ ಮುಂದಿಟ್ಟಿತು. ಎರಡನೆಯದನ್ನು ನೋಡಲು ದೇವಿಂದ್ರಪ್ಪ ನಿಲ್ಲಲಿಲ್ಲ. ಧೋತರ ಎತ್ತಿಕೊಂಡು ಊರ ದಿಕ್ಕಿಗೆ ಓಡಿದ.

ತೂಫಾನನ ಕಿವಿ ನಿಮಿರಿದವು. ಇಡೀ ಹೊಲದಲ್ಲಿ ಓಡುತ್ತಿದ್ದದ್ದು ಒಂದೇ ಒಂದು. ಸದ್ದಿಲ್ಲದೆ ಹಾರಿದ ನಾಯಿ ಬಾವಿಯ ಹತ್ತಿರ ಧೋತರದ ಚುಂಗು ಹಿಡಿದು ಯಜಮಾನನನ್ನು ಕೆಡವಿತು. ಆಮೇಲೆ, ಶಾಬಾಸಿ ಕೇಳುವಂತೆ ಧೂಳಮ್ಮನತ್ತ ನೋಡಿತು. ಹಂದಿ ಮತ್ತೆ ಶೇಂಗಾಕ್ಕೆ ಬಾಯಿ ಹಾಕಿತ್ತು. ಧೂಳಮ್ಮ ಎಣ್ಣೆ ಡಬ್ಬಿ ಬಡಿದಾಗಲೇ ಅದು ಕಾಲು ಕಿತ್ತದ್ದು. ಬಾಯಲ್ಲಿ ಆಗಲೇ ಒಂದು ಬೇಟೆ ಇದ್ದುದರಿಂದ ತೂಫಾನ್ ಅತ್ತ ತಿರುಗಲಿಲ್ಲ.

“ನಾಳೆ ಇದನ್ನ ವಾಪಸ್ ಬಿಟ್ಟು ಬರ್ತೀನಿ,” ಮಣ್ಣು ಕೊಡವುತ್ತ ದೇವಿಂದ್ರಪ್ಪನೇ ಹೇಳಿದ.

“ಯಾಕ್ರಿ, ಇರ್ಲಿ. ಹೊಲಕ್ಕ ತಮ್ಮನ ನಾಯಿ ಬರ್ತದ. ಇದಕ್ಕ ಬ್ಯಾರೆ ಕೆಲಸ ಅದ.”

ಮರುದಿನ ಸಂಜೆ ದೇವಿಂದ್ರಪ್ಪ ಎಂದಿನಂತೆ ಚಹಾ ಹೋಟೆಲಿನಲ್ಲಿದ್ದ. ಹೆಂಡತಿಯ ಫೋನು ಬಂದಾಗಲೆಲ್ಲ “ಬರಾಕತ್ತೇನಿ, ದಾರ್ಯಾಗ ಇದ್ದೇನಿ” ಎಂದು ಕೂತಲ್ಲಿಂದಲೇ ಹೇಳಿದ. ಆಮೇಲೆ ಫೋನು ಬರುವುದು ನಿಂತಿತು. ತಲೆ ಎತ್ತಿದರೆ, ರಸ್ತೆಯ ಆಚೆ ಧೂಳಮ್ಮ ನಿಂತಿದ್ದಾಳೆ. ಬಗ್ಗಿ ತೂಫಾನನ ಹಗ್ಗ ಬಿಚ್ಚುತ್ತಿದ್ದಾಳೆ.

“ಕಾಕಾ, ಹಿಂದಿನ ಬಾಗಲಿಂದ ಓಡ್ರಿ,” ಹೋಟೆಲಿನ ಬಕ್ಕಪ್ಪ ಪಿಸುಗುಟ್ಟಿದ.

ದೇವಿಂದ್ರಪ್ಪ ತುಟಿಯ ಹತ್ತಿರ ಒಯ್ದ ಚಹಾದ ಬಸಿಯನ್ನು ಅಲ್ಲೇ ಹಿಡಿದು, ರೆಪ್ಪೆ ಕೂಡ ಬಡಿಯದೆ, ತೊಗರಿ ಸಾಲಿನ ಹಂದಿಯಂತೆ ಕೂತಿದ್ದ.